ತಮಾಷೆಗೆ ಅಂದ ಮಾತು

ಓದತಕ್ಕ ಭಾಗ: ಜ್ಞಾನೋಕ್ತಿಗಳು 26:18, 19.



ನೆರೆಯವನಿಗೆ ಕೇಡುಮಾಡಿ, ಕಡೆಗೆ ಅದು ತಮಾಷೆಯೆಂದು ನುಣುಚಿಕೊಳ್ಳುವವನನ್ನು ಜ್ಞಾನಿಯು ಇಲ್ಲಿ ಉರಿಯುವ ಕೊಳ್ಳಿ ಎಸೆಯುವ ಹುಚ್ಚನಿಗೆ ಹೋಲಿಸುತ್ತಾನೆ. ಹಾಗಾದರೆ ಕ್ರೈಸ್ತರು ನಗಲೇ ಬಾರದೋ? ಹಾಗಲ್ಲ. ನಗುವದಕ್ಕೂ ಒಂದು ಕಾಲವುಂಟೆಂದು ಪ್ರಸಂಗಿಯು ಬರೆದಿದ್ದಾನೆ. ಇಸಾಕನೆಂಬ ಹೆಸರಿಗೆ ನಗುವೆಂಬ ಅರ್ಥವೇ ಇದೆ. ತನ್ನ ಕಣ್ಣಲ್ಲಿ ತೊಲೆಯನ್ನಿಟ್ಟುಕೊಂಡು ಸಹೋದರನ ಕಣ್ಣಿನ ರವೆಯನ್ನು ತೆಗೆಯಹೋಗುವವನ ಸಂಗತಿಯನ್ನು ನಮ್ಮ ಕರ್ತನು ಹೇಳಿದಾಗ, ಕೇಳಿದವರು ಮುಗುಳ್ನಕ್ಕಿರಬೇಕು.

ನಮ್ಮ ಮುಳಗುಂದದ ನೆಲವೂ ಇದನ್ನು ಬಲ್ಲದು. ಇಲ್ಲಿಯ ಜೈನ ಕವಿ ನಯಸೇನನು 1112ರಲ್ಲಿ ಧರ್ಮಾಮೃತವನ್ನು ರಚಿಸಿ, 14 ಆಶ್ವಾಸಗಳಲ್ಲಿ ಧರ್ಮವನ್ನು ಕಥೆಗಳಿಂದಲೂ ಜನರ ಬಾಯಲ್ಲಿ ಆಡುವ ಗಾದೆ ಹೋಲಿಕೆಗಳಿಂದಲೂ ಬೋಧಿಸಿದನು. ಕನ್ನಡದಲ್ಲಿ ಸಲ್ಲದ ಸಂಸ್ಕೃತವನ್ನು ತುರುಕುವವರನ್ನು ತುಪ್ಪಕ್ಕೆ ಎಣ್ಣೆ ಬೆರಸುವವರೆಂದು ಹಾಸ್ಯಮಾಡಿದನು. ಅವನ ಮತವು ನಮ್ಮದಲ್ಲ. ಆದರೂ ನಗೆಮಾತು ಉಪದೇಶವನ್ನು ಮನಸ್ಸಿಗೆ ಇಳಿಸುತ್ತದೆಂಬದನ್ನು ಅವನಿಂದ ಕಲಿಯಬಹುದು.

ಆದರೆ ವಿನೋದವೆಂಬದು ಒಂದು, ಗೇಲಿಯೆಂಬದು ಮತ್ತೊಂದು. ಮದುವೆಯಲ್ಲಿ ಬೀಗರು ಒಬ್ಬರನ್ನೊಬ್ಬರು ಹಾಸ್ಯಮಾಡುತ್ತಾರೆ. ಇಬ್ಬರಿಗೂ ತಿರುಗಿ ಅನ್ನುವ ಹಕ್ಕುಂಟು. ಆದದರಿಂದ ಸಂಬಂಧವು ಬೆಳೆಯುತ್ತದೆ. ಹೊಲದಲ್ಲಿ ಕಳೆ ತೆಗೆಯುವಾಗ ಆಡಿದ ನಗೆಮಾತು ದಣಿವನ್ನು ಮರೆಸುತ್ತದೆ. ತಿರುಗಿ ಅನ್ನಲಾರದವನ ಮೇಲೆ ಎಸೆದ ಮಾತಾದರೋ ಗೇಲಿಯೇ ಸರಿ.

ನನ್ನ ತಪ್ಪನ್ನೇ ಹೇಳುತ್ತೇನೆ. ಒಂದು ಸಂಜೆ ಪ್ರಾರ್ಥನಾಕೂಟದಲ್ಲಿ, ಮುಪ್ಪಿನಲ್ಲಿ ಅಕ್ಷರ ಕಲಿತ ಒಬ್ಬ ಹಿರಿಯನು ವಾಕ್ಯವನ್ನೋದುತ್ತಾ ತಡವರಿಸಿದನು. “ಎತ್ತು ಕೆಸರಿನಲ್ಲಿ ಹೂತಿತು” ಅಂದೆನು. ಎಲ್ಲರೂ ನಕ್ಕರು, ಅವನೂ ನಕ್ಕನು. ಆಮೇಲೆ ಮೂರು ಆದಿತ್ಯವಾರ ಅವನು ಬರಲಿಲ್ಲ. ಮನೆಗೆ ಹೋಗಿ, “ಕಾಕಾ, ಅದು ತಮಾಷೆಗೆ ಅಂದ ಮಾತು. ನೀವೂ ನಕ್ಕಿರಲ್ಲ?” ಅಂದೆನು.

“ಎಲ್ಲಾರೂ ನಗುವಾಗ ನಾ ಒಬ್ಬಾಂವ ಅಳಲೇನ್ರಿ, ಉಪದೇಶಿಗಳ?” ಅಂದನು.

ಕೊಳ್ಳಿ ಎಸೆದ ಹುಚ್ಚನು ಯಾರೆಂದು ಆಗ ನನಗೆ ತಿಳಿಯಿತು. ಸಭೆಯ ಮುಂದೆ ನಗೆಗೀಡು ಮಾಡಿದವನು ಮನೆಯ ಮೂಲೆಯಲ್ಲಿ ಕ್ಷಮೆ ಬೇಡಿದರೆ ಸಾಲದು. ಆದಕಾರಣ ಮುಂದಿನ ಕೂಟದಲ್ಲಿ ಎಲ್ಲರ ಎದುರಿಗೆ ಬೇಡಿದೆನು. ಅವನು ಕ್ಷಮಿಸಿದನು. ಆದರೂ ತಿರಿಗಿ ಓದುವದಕ್ಕೆ ಎದ್ದುನಿಲ್ಲಲು ಅವನಿಗೆ ಒಂದು ಮಳೆಗಾಲವೇ ಬೇಕಾಯಿತು.

ಪ್ರಿಯರೇ, ನಗಿರಿ, ನಗಿಸಿರಿ. ಆದರೆ ಬಾಯಿ ತೆರೆಯುವ ಮುಂಚೆ, ಇವನು ನನಗೆ ತಿರುಗಿ ಅನ್ನಬಲ್ಲನೋ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಯಾರನ್ನಾದರೂ ನೋಡಿ ನಗಲೇ ಬೇಕಾದರೆ ನಮ್ಮ ಕಣ್ಣಿನ ತೊಲೆಯುಂಟಲ್ಲಾ. ಅದು ದಿನವೆಲ್ಲಾ ನಗುವದಕ್ಕೆ ಸಾಕಾಗುವಷ್ಟು ದೊಡ್ಡದು. ಕರ್ತನು ನಮ್ಮ ನಾಲಿಗೆಯನ್ನು ಕಾಯಲಿ. ಆಮೆನ್.