ಹೊಗೆಗೂ ವಯಸ್ಸಿನ ರಿಯಾಯಿತಿ

ಎರಡು ಬೈಕುಗಳನ್ನು ಕಲ್ಪಿಸಿಕೊಳ್ಳಿ. ಒಂದು 1999ರಲ್ಲಿ ತಯಾರಾದದ್ದು, ಇನ್ನೊಂದು 2001ರಲ್ಲಿ. ಎರಡೂ ಟಿನ್ ಫ್ಯಾಕ್ಟರಿ ಹತ್ತಿರದ ಟ್ರಾಫಿಕ್ಕಿನಲ್ಲಿ ಅಕ್ಕಪಕ್ಕ ನಿಂತಿವೆ. ಎರಡರ ಹೊಗೆಯಲ್ಲೂ ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ ನಾಲ್ಕು ಪಾಲು. ಎಮಿಷನ್ ಟೆಸ್ಟಿಗೆ ಹೋದರೆ ಮೊದಲನೆಯದು ಪಾಸು, ಎರಡನೆಯದು ಫೇಲು. ಏಕೆಂದರೆ 2000ದ ಮಾರ್ಚ್ 31ಕ್ಕೆ ಮೊದಲು ತಯಾರಾದ ದ್ವಿಚಕ್ರ ವಾಹನಗಳಿಗೆ ಮಿತಿ ಶೇ. 4.5, 2001ರಲ್ಲಿ ತಯಾರಾದವಕ್ಕೆ ಶೇ. 3.5. ಹಿಂದಿನ ಆಟೊದಲ್ಲಿ ತಾಯಿಯ ಮಡಿಲಲ್ಲಿ ಮಲಗಿರುವ ಮಗುವಿಗೆ ಈ ಮಾರ್ಚ್ 31ರ ಲೆಕ್ಕ ಗೊತ್ತಿಲ್ಲ.

ಹಾಗೆಂದು ಕಾನೂನು ಮಾಡಿದವರು ದಡ್ಡರೇನಲ್ಲ. ಕಾರ್ಬ್ಯುರೇಟರ್ ಕಾಲದ ಇಂಜಿನ್ನಿನಿಂದ ಇಂದಿನ ಕಾರಿನ ಶಿಸ್ತನ್ನು ಕೇಳಲಾಗದು. ಭಾರತ್ ಸ್ಟೇಜ್ 4ರ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 0.3 ಮಾತ್ರ, ಅದೇ ಅಳತೆಯನ್ನು ಹಳೆಯ ಗಾಡಿಗಳ ಮೇಲೆ ಹಾಕಿದರೆ ಅವೆಲ್ಲ ಒಂದೇ ದಿನ ಗುಜರಿಗೆ ಹೋಗಬೇಕು. ಹಳೆಯ ಗಾಡಿ ಇಟ್ಟುಕೊಂಡವರು ಸಾಮಾನ್ಯವಾಗಿ ಹೊಸದು ಕೊಳ್ಳಲಾಗದವರು. ಆದ್ದರಿಂದ ಪ್ರತಿ ಯಂತ್ರವನ್ನೂ ಅದು ಹುಟ್ಟಿದ ಕಾಲದ ಅಳತೆಯಿಂದಲೇ ಅಳೆಯುವುದು ಒಂದು ಬಗೆಯ ನ್ಯಾಯ.

ಇದೇ ನ್ಯಾಯವನ್ನು ನಾವು ಮನೆಯಲ್ಲೂ ಪಾಲಿಸುತ್ತೇವೆ. ಮನೆಗೆ ಬಂದ ಗೆಳೆಯನ ಜಾತಿಯನ್ನು ಸುತ್ತಿಬಳಸಿ ಕೇಳುವ ಅಜ್ಜನ ಬಗ್ಗೆ "ಬಿಡು, ಅವರ ಕಾಲವೇ ಹಾಗಿತ್ತು" ಎನ್ನುತ್ತೇವೆ. ಅಜ್ಜನನ್ನು ಅರ್ಥ ಮಾಡಿಕೊಳ್ಳಲು ಆ ಮಾತು ಬೇಕು. ಆದರೆ ಪ್ರಶ್ನೆ ಕೇಳಿಸಿಕೊಂಡ ಗೆಳೆಯ ಇವತ್ತಿನವನು, ಅವನಿಗೆ ನೋವಾದದ್ದೂ ಇವತ್ತೇ. ತಪ್ಪನ್ನು ಎಷ್ಟು ಕ್ಷಮಿಸಬೇಕು ಎಂಬುದಕ್ಕೆ ವಯಸ್ಸು ಉತ್ತರ ಕೊಡಬಹುದು, ಎಷ್ಟು ನೋವಾಯಿತು ಎಂಬುದಕ್ಕೆ ಕೊಡಲಾರದು. ಎಮಿಷನ್ ಸರ್ಟಿಫಿಕೇಟು ಮೊದಲನೆಯ ಪ್ರಶ್ನೆಗೆ ಉತ್ತರ. ನಾವು ಅದನ್ನು ಎರಡನೆಯದರ ಉತ್ತರವೆಂದು ಓದುತ್ತೇವೆ.

ತತ್ತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವ ನನಗೆ ಈ ಯೋಚನೆ ಹತ್ತಿಸಿದ್ದು ಯಾವ ಗ್ರಂಥವೂ ಅಲ್ಲ, ಸೋದರಮಾವನ 2004ರ ಫೋರ್ ಸ್ಟ್ರೋಕ್ ಬೈಕು. ಕೆಎ-03 ನಂಬರಿನದು. ಹದಿನೈದು ವರ್ಷ ತುಂಬಿದಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೆ ಇನ್ನೊಮ್ಮೆ ಮರುನೋಂದಣಿ ಕಂಡಿದೆ. ಮಂಡಿನೋವು ಬಂದ ಮೇಲೆ ಮಾವ ಅದನ್ನು ನನಗೆ ಕೊಟ್ಟರು. ಹಲಸೂರಿನಿಂದ ಕೆ.ಆರ್. ಪುರದ ಆಚೆಯ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ವಾರಕ್ಕೆ ಮೂರು ದಿನ ಹೋಗುತ್ತೇನೆ. (ಮೆಟ್ರೊ ಇದೆಯಲ್ಲ ಎನ್ನಬೇಡಿ; ಸ್ಟೇಷನ್ನಿನಿಂದ ಕಾಲೇಜಿಗೆ ಇನ್ನೂ ನಾಲ್ಕು ಕಿಲೋಮೀಟರು.) ಬೈಕಿನ ಜೊತೆಗೆ ಮಾವ ಒಂದು ರೆಕ್ಸಿನ್ ಚೀಲವನ್ನೂ ಕೊಟ್ಟರು. ಅದರಲ್ಲಿ ಇಷ್ಟು ವರ್ಷಗಳ ಎಮಿಷನ್ ಚೀಟಿಗಳೆಲ್ಲ ಇದ್ದವು. ಅವರು ಯಾವ ಚೀಟಿಯನ್ನೂ ಎಸೆಯುವವರಲ್ಲ.

ಒಂದು ರಾತ್ರಿ ಅವನ್ನು ಸಾಲಾಗಿ ಹರಡಿದೆ. 2011ರಲ್ಲಿ ಕಾರ್ಬನ್ ಮಾನಾಕ್ಸೈಡ್ 2.1, ಹೈಡ್ರೋಕಾರ್ಬನ್ 480 ಪಿಪಿಎಂ. 2017ರಲ್ಲಿ 2.6 ಮತ್ತು 950. ನಾನು ಮೊನ್ನೆ ಮಾಡಿಸಿದ್ದರಲ್ಲಿ 0.9 ಮತ್ತು 2,300. ಈ ಗಾಡಿಗೆ ಮಿತಿ 3.5 ಮತ್ತು 4,500. ಎಲ್ಲ ಚೀಟಿಗಳ ಮೇಲೂ ಒಂದೇ ಪದ: ಪಾಸ್.

ಮೊದಲ ಅಂಕಿಯನ್ನಷ್ಟೇ ನೋಡಿದರೆ ಮುದಿ ಬೈಕು ಇದ್ದಕ್ಕಿದ್ದಂತೆ ಸಜ್ಜನನಾಗಿದೆ! ಅಷ್ಟು ಸುಲಭವಲ್ಲ. ಪೆಟ್ರೋಲಿಗೆ ಗಾಳಿ ಸಾಲದಿದ್ದರೆ ಅದು ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡರೂ ಸಾಕು. ಟೆಸ್ಟಿಗೆ ಮೊದಲು ಕಾರ್ಬ್ಯುರೇಟರಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಅದೇ ಅಂಕಿ ಇಳಿಯುತ್ತದೆ. ಇಂಜಿನ್ ಬಿಸಿಯಾಗಿದೆಯೋ ಇಲ್ಲವೋ ಎಂಬುದರ ಮೇಲೆ ಒಂದೇ ದಿನ ಎರಡು ಫಲಿತಾಂಶ ಬರಬಹುದು. ಇನ್ನು ಪೆಟ್ರೋಲೇ ಬದಲಾಗಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು, ಇದೇ ಬೆಂಗಳೂರಿನಲ್ಲಿ. ಎಥನಾಲಿನೊಳಗೇ ಆಮ್ಲಜನಕವಿದೆ, ಹಳೆಯ ಕಾರ್ಬ್ಯುರೇಟರಿಗೆ ಅದನ್ನು ತಿಳಿದು ಹೊಂದಿಕೊಳ್ಳುವ ಬುದ್ಧಿಯಿಲ್ಲ. ಮಿಶ್ರಣ ತೆಳುವಾಗಿ ಕಾರ್ಬನ್ ಮಾನಾಕ್ಸೈಡ್ ತಾನಾಗಿ ಇಳಿಯುತ್ತದೆ. ಬಂಕಿನಲ್ಲಾದ ಬದಲಾವಣೆಗೆ ಬೈಕಿಗೆ ಅಂಕ ಸಿಕ್ಕಿತು.

ಎರಡನೆಯ ಅಂಕಿಯ ಕಥೆ ಬೇರೆ. ಹೈಡ್ರೋಕಾರ್ಬನ್ ಎಂದರೆ ಉರಿಯದೆ ಹೊರಬಿದ್ದ ಇಂಧನ. ಪಿಸ್ಟನ್ ರಿಂಗು ಸವೆದರೆ ಇಂಜಿನ್ ಆಯಿಲ್ ಮೇಲೆ ನುಗ್ಗಿ ಅರ್ಧಂಬರ್ಧ ಸುಡುತ್ತದೆ. ಮಿಶ್ರಣ ತೀರಾ ತೆಳುವಾದರೆ ಕಿಡಿ ಹತ್ತಿದರೂ ಬೆಂಕಿ ಪೂರ್ತಿ ಹರಡುವುದಿಲ್ಲ. 480ರಿಂದ 2,300ಕ್ಕೆ ಏರಿದ ಈ ಸಾಲು ಯಾವ ಒಂದು ಚೀಟಿಯಲ್ಲೂ ಕಾಣುವುದಿಲ್ಲ. ಪ್ರತಿ ಚೀಟಿಯೂ ಗಾಡಿಯನ್ನು ಕಾನೂನಿನ ಜೊತೆ ಹೋಲಿಸುತ್ತದೆಯೇ ಹೊರತು ನಿನ್ನೆಯ ಅದೇ ಗಾಡಿಯ ಜೊತೆಗಲ್ಲ. ನೈಟ್ರೋಜನ್ ಆಕ್ಸೈಡುಗಳು, ಎದೆಯ ಆಳಕ್ಕಿಳಿಯುವ ಸಣ್ಣ ಕಣಗಳು ಪೆಟ್ರೋಲ್ ಗಾಡಿಯ ಚೀಟಿಗೆ ಬರುವುದೇ ಇಲ್ಲ.

ಪಾಸಾಗುವುದನ್ನೇ ಗುರಿ ಮಾಡಿಕೊಂಡರೆ ಏನಾಗುತ್ತದೆ ಎಂಬುದನ್ನು 2015ರಲ್ಲಿ ಜಗತ್ತೇ ನೋಡಿತು. ಫೋಕ್ಸ್‌ವಾಗನ್ ಡೀಸೆಲ್ ಕಾರುಗಳಲ್ಲಿದ್ದ ಸಾಫ್ಟ್‌ವೇರ್ ತಾನೀಗ ಪರೀಕ್ಷೆಯಲ್ಲಿದ್ದೇನೆ ಎಂದು ಗುರುತಿಸಿ ಶುದ್ಧವಾಗುತ್ತಿತ್ತು, ರಸ್ತೆಗಿಳಿದ ಮೇಲೆ ಮರೆಯುತ್ತಿತ್ತು. ಅಂಥ ಕಾರುಗಳು ಸುಮಾರು 1.1 ಕೋಟಿ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮರುದಿನ ಮರೆಯುವ ನಮ್ಮ ಹುಡುಗರನ್ನು ಬೈಯುವ ಮುನ್ನ ಆ ಕಾರುಗಳು ನೆನಪಾಗುತ್ತವೆ. ಅರ್ಧ ಸುತ್ತು ತಿರುಗುವ ಸ್ಕ್ರೂ ಅದೇ ಜಾಣತನದ ಬಡ ನೆಂಟ.

ಹಾಗಾದರೆ ಈ ಹೊಗೆ ಯಾರದು? ಬೈಕು ಮಾವನದು, ಸವೆದದ್ದು ಅವರ ಕಾಲದಲ್ಲಿ, ಕಾರ್ಬ್ಯುರೇಟರ್ ನಡುವೆ ಬದಲಾದದ್ದು, ಪೆಟ್ರೋಲ್ ಸರ್ಕಾರದ ನೀತಿಯದು. ಪಾಲಿ ಗ್ರಂಥ 'ಮಿಲಿಂದಪನ್ಹ'ದಲ್ಲಿ ನಾಗಸೇನ ರಾಜನಿಗೆ ರಥದ ಉದಾಹರಣೆ ಕೊಡುವುದು ಅನೇಕರಿಗೆ ಗೊತ್ತು: ಗಾಲಿಯೂ ರಥವಲ್ಲ, ಅಚ್ಚೂ ರಥವಲ್ಲ. ನನಗೆ ಬೇಕಾದದ್ದು ಅದೇ ಗ್ರಂಥದ ಮಾವಿನಹಣ್ಣಿನ ಕಳ್ಳ. ಒಡೆಯ ನೆಟ್ಟ ಹಣ್ಣೇ ಬೇರೆ, ನಾನು ಕಿತ್ತ ಹಣ್ಣೇ ಬೇರೆ ಎಂಬುದು ಅವನ ವಾದ. ನಾಗಸೇನ ಒಪ್ಪುವುದಿಲ್ಲ, ಎರಡನೆಯದು ಬಂದದ್ದು ಮೊದಲನೆಯದರಿಂದಲೇ, ಆದ್ದರಿಂದ ಕಳ್ಳ ಶಿಕ್ಷೆಗೆ ಅರ್ಹ. ಎಲ್ಲ ಭಾಗಗಳೂ ಬದಲಾಗಿವೆ, ಒಡೆಯನೂ ಬದಲಾಗಿದ್ದಾನೆ ಎಂದ ಮಾತ್ರಕ್ಕೆ ಹೊಣೆ ನಡುವೆ ಎಲ್ಲೂ ಇಳಿದು ಹೋಗುವುದಿಲ್ಲ. ಬೈಕಿನ ಜೊತೆ ನನ್ನ ಕೈಗೆ ಆ ಚೀಲವೂ ಬಂದಿದೆ.

ಶಿವಾಜಿನಗರದ ರಸೆಲ್ ಮಾರ್ಕೆಟ್ ಆಚೆಯ ಗಲ್ಲಿಯಲ್ಲಿರುವ ನಮ್ಮ ಮೆಕ್ಯಾನಿಕ್ ಭಾಯ್‌ಗೆ ಇದೆಲ್ಲ ಹೇಳಲಿಲ್ಲ. ಚೀಟಿ ತೋರಿಸಿ ಇಂಜಿನ್ ಬಿಚ್ಚಬೇಕು ಎಂದೆ.

"ಪಾಸಾಗಿದೆ ಅಲ್ವಾ ಸಾರ್? ಪಾಸಾದ ಗಾಡಿ ಯಾಕೆ ಬಿಚ್ತೀರಾ?"

"ಆಯಿಲ್ ಕುಡೀತಿದೆ ಭಾಯ್."

ಅವರು ಬೈಕ್ ಸ್ಟಾರ್ಟ್ ಮಾಡಿ, ಸೈಲೆನ್ಸರಿನ ಬಾಯಿಗೆ ಬಿಳಿ ಕಾಗದ ಹಿಡಿದರು. ಸಣ್ಣ ಸಣ್ಣ ಎಣ್ಣೆ ಚುಕ್ಕೆಗಳು ಮೂಡಿದವು. ರಿಂಗ್ ಹೋಗಿದೆ, ಬೋರ್ ಮಾಡಿಸಬೇಕಾಗಬಹುದು, ಈ ಗಾಡಿಗೆ ಅಷ್ಟು ಹಣ ದಂಡ ಎಂದು ಹೇಳಿಯೂ ಬಿಟ್ಟರು. ಅತಿಥಿ ಉಪನ್ಯಾಸಕರ ಗೌರವಧನ ಎಂದು ಬರುತ್ತದೋ ದೇವರೇ ಬಲ್ಲ; ಅದು ಬಂದ ವಾರ ಕೆಲಸ ಹಿಡಿಯುವುದೆಂದು ಮಾತಾಗಿದೆ. ಅಲ್ಲಿಯವರೆಗೆ ಕಾಲೇಜಿಗೆ ಮೆಟ್ರೊ, ಆಮೇಲೆ ಶೇರ್ ಆಟೊ. ಬೈಕು ಹಲಸೂರಿನ ಮನೆ ಮುಂದೆ ನಿಂತಿದೆ. ಅದರ ಸರ್ಟಿಫಿಕೇಟಿನ ಅವಧಿ ಇನ್ನೂ ಐದು ತಿಂಗಳಿದೆ.