ದನಿ ಬೇಕು, ದನಿಯ ಒಡತಿ ಬೇಡವೇ?

ಗುರುಮಠದ ವಿದ್ಯಾಭ್ಯಾಸದ ದಿನಗಳಲ್ಲಿ ಗ್ರಂಥಾಲಯದ ಮೂಲೆಯೊಂದರಲ್ಲಿ ಫ್ರೆಂಚ್ ಭಾಷೆಯ ಹಳೆಯ ಸಚಿತ್ರ ಜೀವನಚರಿತ್ರೆಯೊಂದು ನನ್ನ ಕೈಗೆ ಸಿಕ್ಕಿತ್ತು. 1808ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಒಪೆರಾ ಗಾಯಕಿ ಮರಿಯಾ ಮಲಿಬ್ರಾನರ ಕಥೆ ಅದು. ಒಪೆರಾ ಎಂದರೆ ಹಾಡೇ ಪ್ರಧಾನವಾದ ನಾಟಕ. ನಮ್ಮ ಕಂಪನಿ ನಾಟಕಗಳ ದೂರದ ನೆಂಟ. 1836ರ ಜುಲೈನಲ್ಲಿ ಆಕೆ ಕುದುರೆಯಿಂದ ಬಿದ್ದು ಪೆಟ್ಟಾದರು. ನೋವನ್ನು ಮರೆಮಾಚಿ ಹಾಡುತ್ತಲೇ ಹೋದರು. ಸೆಪ್ಟೆಂಬರ್ 23ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ತೀರಿಕೊಂಡಾಗ ವಯಸ್ಸು ಕೇವಲ 28. ಎಡಿಸನ್ನರ ಧ್ವನಿಯಂತ್ರ ಬಂದದ್ದು 1877ರಲ್ಲಿ. ಆದ್ದರಿಂದ ಆ ಕಂಠ ಹೇಗಿತ್ತೆಂದು ಇಂದು ಯಾರೂ ಕೇಳಲಾರರು. ಉಳಿದದ್ದು ಚಿತ್ರಗಳು ಮತ್ತು ಹೊಗಳಿಕೆ ಮಾತ್ರ.

ಮುಂದೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಸೇವೆಯಲ್ಲಿದ್ದಾಗ ಆ ಪುಸ್ತಕ ಮತ್ತೆ ಮತ್ತೆ ನೆನಪಾಗುತ್ತಿತ್ತು. ಇಲ್ಲಿನ ರೈತರು ಬಲಿತ ಕಾಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟು ಗಡಗಡ ಎಂದಾಗ ಉಂಡೆಕೊಬ್ಬರಿ ಸಿದ್ಧ. ಮನುಷ್ಯನ ದನಿ ಎಳನೀರಿನಂತೆ, ಆ ಹೊತ್ತಿಗೆ ಕುಡಿಯಬೇಕಾದದ್ದು. ಜೀವನಚರಿತ್ರೆ ಕೊಬ್ಬರಿಯಂತೆ, ಒಣಗಿದ ಮೇಲೆ ಉಳಿಯುವಂಥದ್ದು. ಬಾಯಾರಿದವನಿಗೆ ಕೊಬ್ಬರಿ ಎಳನೀರಾದೀತೇ?

ಕಲೆಯನ್ನು ಸವಿದು ಕಲಾವಿದರನ್ನು ದೂರವಿಡುವುದು ನ್ಯಾಯವೇ? ಈ ಪ್ರಶ್ನೆಯ ಮುಂದೆ ನಮ್ಮ ಧರ್ಮಸಭೆಯ ಇತಿಹಾಸವೂ ತಲೆತಗ್ಗಿಸಬೇಕಾಗುತ್ತದೆ. 1673ರಲ್ಲಿ ನಾಟಕಕಾರ ಹಾಗೂ ನಟ ಮೊಲಿಯೇರ್ ಸತ್ತಾಗ, ಆತ ನಟನೆಂಬ ಕಾರಣಕ್ಕೆ ಪ್ಯಾರಿಸ್‌ನಲ್ಲಿ ಸಮಾಧಿಗೆ ಅಡ್ಡಿಯಾಯಿತು; ಕೊನೆಗೆ ರಾತ್ರಿಯ ಕತ್ತಲಲ್ಲಿ ಹೂಳಿದರು. 1730ರಲ್ಲಿ ನಟಿ ಆಡ್ರಿಯೆನ್ ಲೆಕುವ್ರರಿಗೆ ಕ್ರೈಸ್ತ ಸಮಾಧಿಯೇ ಸಿಗಲಿಲ್ಲ.

ನಮ್ಮಲ್ಲೂ ಕಥೆ ಬೇರೆಯಲ್ಲ. ಈ ಸೀಮೆಯ ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿಗೆಲ್ಲ ಪರಿಚಯಿಸಿದರು. ಬಿ. ಜಯಮ್ಮನವರಂಥ ಕಲಾವಿದೆಯರು ಆ ರಂಗದಲ್ಲಿ ನಟಿಸಿದರು, ಹಾಡಿದರು. ರಾತ್ರಿ ಚಪ್ಪಾಳೆ ತಟ್ಟಿ, ಬೆಳಗಾದ ಮೇಲೆ ‘ನಾಟಕದ ಹೆಂಗಸರು’ ಎಂದು ಮೂಗು ಮುರಿದವರು ನಮ್ಮ ಊರುಗಳಲ್ಲಿ ಕಡಿಮೆಯೇನಿರಲಿಲ್ಲ.

ಅಂಥವರಲ್ಲಿ ನಾನೂ ಒಬ್ಬ. ನನ್ನ ಧರ್ಮಕೇಂದ್ರವೊಂದರಲ್ಲಿ ಕೊಬ್ಬರಿ ಒಡೆಯುವ ಕೂಲಿಗೆ ಹೋಗುತ್ತಿದ್ದ ವಯಸ್ಸಾದ ತಾಯಿಯೊಬ್ಬರಿದ್ದರು. ಪ್ರಾಯದಲ್ಲಿ ಸಣ್ಣ ನಾಟಕ ಕಂಪನಿಯೊಂದರಲ್ಲಿ ಹಾಡುತ್ತಿದ್ದವರು. ಗಾನವೃಂದಕ್ಕೆ ಸೇರಲು ಬಯಸಿದರು. ಹಿರಿಯರು ಕೆಲವರು ಆಕ್ಷೇಪಿಸಿದರು. ಶಾಂತಿಯ ನೆಪದಲ್ಲಿ ನಾನು ಅವರನ್ನು ಕರೆದು, “ಸದ್ಯಕ್ಕೆ ಬೇಡಮ್ಮಾ” ಎಂದೆ. “ಆಗಲಿ ಸ್ವಾಮಿ” ಎಂದಷ್ಟೇ ಹೇಳಿದರು. ಅಂದಿನಿಂದ ಬಲಿಪೂಜೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ತುಟಿ ಅಲುಗುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಎರಡು ವರ್ಷಗಳ ನಂತರ ಅವರ ಅಂತ್ಯಕ್ರಿಯೆಯ ಪ್ರಬೋಧನೆಯಲ್ಲಿ ನಾನು ಅವರ ಕಂಠವನ್ನು ಹೊಗಳಿದೆ! ಅದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಸಮುದಾಯಕ್ಕೆ ಒಳ್ಳೆಯ ಮಾದರಿಗಳು ಬೇಕೆಂಬ ಹಿರಿಯರ ಕಾಳಜಿ ತಪ್ಪಲ್ಲ. ಆದರೆ ಆ ತಾಯಿಯ ನಡತೆಯನ್ನು ನಾವ್ಯಾರೂ ವಿಚಾರಿಸಲಿಲ್ಲ. ಕಸುಬಿನ ಹೆಸರು ಕೇಳಿಯೇ ತೀರ್ಪು ಕೊಟ್ಟೆವು. ಹೆಸರಿಗೆ ತೀರ್ಪು ಕೊಡುವುದು ಸುಲಭ, ಏಕೆಂದರೆ ಅಲ್ಲಿ ಮನುಷ್ಯರ ಮುಖ ಕಾಣುವುದಿಲ್ಲ. ಲೂಕನ ಶುಭಸಂದೇಶದಲ್ಲಿ ಫರಿಸಾಯನಾದ ಸಿಮೋನನಿಗೂ ಕಂಡದ್ದು ಊರಿನ ಮಾತು ಮಾತ್ರ. ಪ್ರಭು ಯೇಸುವಾದರೋ ಆ ಸ್ತ್ರೀಯತ್ತ ತಿರುಗಿ, ಅವಳನ್ನು ನೋಡುವಂತೆ ಅವನನ್ನು ಕೇಳಿದರು. ನೋಡುವುದೇ ನ್ಯಾಯದ ಮೊದಲ ಹೆಜ್ಜೆ.

ಪ್ರಿಯ ಓದುಗರೇ, ಸತ್ತವರನ್ನು ಗೌರವಿಸಲು ಖರ್ಚಿಲ್ಲ. ಅವರು ನಮ್ಮ ಪಕ್ಕದ ಪೀಠದಲ್ಲಿ ಕೂರುವುದಿಲ್ಲ, ಜಾಗ ಕೇಳುವುದಿಲ್ಲ. ನಿಮ್ಮ ದೇವಾಲಯದ ಹಿಂದಿನ ಸಾಲಿನತ್ತ ಈ ಭಾನುವಾರ ಒಮ್ಮೆ ತಿರುಗಿ ನೋಡಿ. ಅಲ್ಲಿ ಯಾರಾದರೂ ತುಟಿಯಷ್ಟೇ ಅಲುಗಿಸುತ್ತಿದ್ದರೆ, ಅವರನ್ನು ಮುಂದಕ್ಕೆ ಕರೆಯಿರಿ. ನಾನು ಕರೆಯಲಿಲ್ಲ.