ಪೆಟ್ಟಿಗೆಯ ಹಲ್ಲಿಯೂ ಅಹಿಂಸಾಣುವ್ರತವೂ

ಬೇಲೂರು ಸೀಮೆಯ ಮನೆಗಳಿಗೆ ಗೋಡೆಯ ಹಲ್ಲಿ ಹೊಸದಲ್ಲ. ಅದು ಲೊಚಗುಟ್ಟಿದರೆ ಆಡಿದ ಮಾತು ನಿಜವೆನ್ನುವರು. ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುವರು. (ಶ್ರಾವಕನಿಗೆ ಇದು ಲೋಕಮೂಢತೆಯೆಂಬುದು ಬೇರೆ ಮಾತು.) ಆದರೆ ಹಲ್ಲಿಯನ್ನು ಹಣ ತೆತ್ತು ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವುದು ಈಚಿನ ಅಭ್ಯಾಸ. ಹಾಗೆ ದೇಶದೇಶಗಳಲ್ಲಿ ಸಾಕಲಾಗುವ ಪ್ರಾಣಿ ಲೆಪರ್ಡ್ ಗೆಕೊ.

ಆಫ್ಘಾನಿಸ್ತಾನ, ಪಾಕಿಸ್ತಾನ ಹಾಗೂ ವಾಯುವ್ಯ ಭಾರತದ ಒಣ ಕಲ್ಲುನೆಲ ಇದರ ತವರು. ಹಳದಿ ಮೈಯಲ್ಲಿ ಚಿರತೆಯಂತೆ ಕರಿಯ ಚುಕ್ಕೆ. ಮನೆಹಲ್ಲಿಗಿಲ್ಲದ ಕಣ್ಣುರೆಪ್ಪೆ ಇದಕ್ಕುಂಟು. ದಪ್ಪ ಬಾಲದಲ್ಲಿ ಕೊಬ್ಬನ್ನು ಕೂಡಿಟ್ಟುಕೊಳ್ಳುತ್ತದೆ. ಸಾಧುಪ್ರಾಣಿ. ಹದಿನೈದು ಇಪ್ಪತ್ತು ವರ್ಷ ಬದುಕಬಲ್ಲದು. ಪೆಟ್ಟಿಗೆಯ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿರಬೇಕು. ಅಡಗಲು ಗೂಡು, ಕುಡಿಯಲು ನೀರು ಬೇಕು. ಇಷ್ಟರವರೆಗೆ ಎಲ್ಲವೂ ದಯೆಯ ಕೆಲಸವೇ. ತೊಡಕಿರುವುದು ಆಹಾರದಲ್ಲಿ. ಸೊಪ್ಪು, ಹಣ್ಣು, ಅನ್ನ ಇದಕ್ಕೆ ಒಗ್ಗವು. ಜೀರುಂಡೆ, ಹೊಟ್ಟಿನಲ್ಲಿ ಬೆಳೆಸಿದ ಹುಳು, ಅದೂ ಮಿಸುಕಾಡುವಂಥದು ಬೇಕು. ಹಲ್ಲಿಯ ಮೂಳೆ ಮೆತ್ತಗಾಗದಿರಲೆಂದು ಜೀವಂತ ಹುಳುವಿನ ಮೈಗೆ ಕ್ಯಾಲ್ಸಿಯಂ ಪುಡಿ ಸವರಿ ಒಳಗೆ ಬಿಡುತ್ತಾರೆ. ಎರಡು ದಿನಕ್ಕೊಮ್ಮೆ ಐದು ಹುಳುವೆಂದು ಹಿಡಿದರೂ ವರ್ಷಕ್ಕೆ 900 ಮೀರುತ್ತದೆ. 15 ವರ್ಷಕ್ಕೆ 13,000 ದಾಟುತ್ತದೆ.

ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಯೊಂದನ್ನು ನೆನೆಯಬೇಕು. ದೀಪಕ್ಕೆ ಬಂದ ಹುಳು ತಟ್ಟೆಗೆ ಬಿದ್ದು ಸಾಯಬಾರದೆಂಬ ಎಚ್ಚರ ಅಲ್ಲಿಯದು. ಈ ಹಲ್ಲಿ ಚುರುಕಾಗುವುದೂ ಅದೇ ಮುಸ್ಸಂಜೆಯಲ್ಲಿ. ಅಜ್ಜಿ ಹುಳುವಿನ ಭಯದಿಂದ ತಟ್ಟೆ ಎತ್ತಿಟ್ಟ ಹೊತ್ತಿಗೆ ಮೊಮ್ಮಗ ಹುಳುವಿನ ಡಬ್ಬಿ ತೆರೆಯುತ್ತಾನೆ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ಪ್ರಾಣಿಯನ್ನು ಕೂಡಿಹಾಕಿದರೆ ಒಂದು ದೋಷ. ಕೂಡಿಹಾಕಿ ಉಪವಾಸ ಕೆಡವಿದರೆ ಇನ್ನೊಂದು. ಉಣಿಸಹೊರಟರೆ ತ್ರಸಜೀವಿಗಳ ಸಂಕಲ್ಪೀ ಹಿಂಸೆ. ಮೂರು ಬಾಗಿಲೂ ಮುಚ್ಚಿವೆ. ಬೆಕ್ಕು ಮೊದಲಾದವನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಎಣಿಸಿದುದು ಪ್ರಾಣಿದ್ವೇಷದಿಂದಲ್ಲ. ಕೆಲಸದವಳಿಂದ ಹುಳು ಹಾಕಿಸಿದರಾಯಿತೆಂಬ ಉಪಾಯವನ್ನು ಕೆಲವರು ಹೂಡಿಯಾರು. ಕೃತ, ಕಾರಿತ, ಅನುಮೋದನೆಗಳನ್ನು ಒಂದೇ ಸಾಲಿನಲ್ಲಿಟ್ಟ ಧರ್ಮದಲ್ಲಿ ಇದು ಸಲ್ಲದು. ಖರ್ಚನ್ನು ಬೇರೊಬ್ಬರ ಹೆಸರಿಗೆ ಬರೆದ ಮಾತ್ರಕ್ಕೆ ಪೆಟ್ಟಿಗೆಯ ಹಣ ಉಳಿಯುವುದಿಲ್ಲ.

ಕಾಡಿನಲ್ಲಿದ್ದರೂ ಅದು ಹುಳುವನ್ನೇ ತಿನ್ನುತ್ತಿತ್ತಲ್ಲವೆ ಎಂಬ ಪ್ರಶ್ನೆ ನ್ಯಾಯವಾದುದು. ತಿನ್ನುತ್ತಿತ್ತು. ಗೋಡೆಯ ಹಲ್ಲಿಯೂ ತಿನ್ನುತ್ತದೆ. ಅದನ್ನು ಗೃಹಸ್ಥನು ಕಟ್ಟಿಲ್ಲ, ಅದಕ್ಕಾಗಿ ಹುಳು ಕೊಂಡಿಲ್ಲ. ತಿರ್ಯಂಚಜೀವಿಯ ಆಹಾರ ಅದರ ಕರ್ಮೋದಯಕ್ಕೆ ಸೇರಿದ್ದು. ಡಬ್ಬಿ ಕೊಂಡು ತರುವುದು ಮನುಷ್ಯನ ಸಂಕಲ್ಪಕ್ಕೆ ಸೇರಿದ್ದು. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ, 1133ರಲ್ಲಿ ಗಂಗರಾಜನ ಮಗ ಬೊಪ್ಪದೇವನು ತಂದೆಯ ನೆನಪಿಗೆ ಕಟ್ಟಿಸಿದ ಬಸದಿಯಲ್ಲಿ, ನಾಗಹೆಡೆಯ ನೆರಳಿನಲ್ಲಿ ಪಾರ್ಶ್ವನಾಥಸ್ವಾಮಿ ನಿಂತಿದ್ದಾನೆ. ಕಮಠನ ಬೆಂಕಿಯ ಕೊರಡಿನಲ್ಲಿದ್ದ ಹಾವುಗಳಿಗೆ ಕುಮಾರ ಪಾರ್ಶ್ವನು ಕರುಣೆ ತೋರಿ ಮಂತ್ರ ಕೇಳಿಸಿದನು. ಅವನ್ನು ಅರಮನೆಗೆ ಒಯ್ಯುವ ಮಾತು ಆ ಕಥೆಯಲ್ಲಿಲ್ಲ.

ಇನ್ನೂ ತಂದಿಲ್ಲದವರ ಹಾದಿ ಸುಲಭ. ಮಗುವಿನ ಹಠಕ್ಕೆ ಸೋತು ಈಗಾಗಲೇ ತಂದವರ ಗತಿಯೇನು? ಯಗಚಿಯ ದಂಡೆಗೆ ಬಿಟ್ಟರೆ ಅದು ಅಭಯದಾನವಾಗದು. ಪೆಟ್ಟಿಗೆಯಲ್ಲಿ ಬೆಳೆದ ಒಣನಾಡಿನ ಪ್ರಾಣಿ ಇಲ್ಲಿಯ ಮಳೆ ಚಳಿಗೆ ಬದುಕುವುದು ಕಷ್ಟ. ಉಪವಾಸ ಕೆಡವುವುದಂತೂ ಕ್ರೌರ್ಯ. ಬಲ್ಲವರಿಗೆ ಒಪ್ಪಿಸಿದರೂ ಹುಳುಗಳ ಲೆಕ್ಕ ನಿಲ್ಲದು, ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಉಳಿದ ದಾರಿ ಕಹಿಯಾದುದು: ಇನ್ನೊಂದನ್ನು ತಾರದೆ, ಮರಿ ಮಾಡಿಸದೆ, ಇದೊಂದರ ಆಯುಷ್ಯ ಮುಗಿಯುವವರೆಗೆ ಬೇಕಾದಷ್ಟನ್ನೇ ಉಣಿಸುವುದು, ಅದನ್ನು ಪುಣ್ಯವೆಂದು ಕರೆಯದೆ ಪ್ರತಿಕ್ರಮಣದಲ್ಲಿ ಹೇಳಿಕೊಳ್ಳುವುದು. ಆ ಡಬ್ಬಿಯನ್ನು ಅಜ್ಜಿಯೂ ಅಲ್ಲ, ಕೆಲಸದವಳೂ ಅಲ್ಲ, ಹಣ ತೆತ್ತು ಹಲ್ಲಿಯನ್ನು ತಂದ ಯಜಮಾನನೇ ಪ್ರತಿ ಸಂಜೆ ತನ್ನ ಕೈಯಾರೆ ತೆರೆಯಬೇಕು.